ಪಕ್ಕದವರು 2 ಗುಂಟೆ ಒತ್ತಿದ್ದಾರೆ ಅನ್ನುವ ಮೊದಲು ಟಿಪ್ಪಣಿ ತೆಗೆಸಿ

ಪಕ್ಕದವರು ಬದು ಒತ್ತಿದ್ದಾರೆ ಅನ್ನುವ ಜಗಳ ಇರುವ ಹೊಲಗಳಲ್ಲೇ ನನ್ನ ಅಳತೆ ಕೆಲಸದ ಹೆಚ್ಚಿನ ಪಾಲು ಕಳೆದಿದೆ. ಪಹಣಿಯಲ್ಲಿ 4 ಎಕರೆ ಇದೆ, ದಿಶಾಂಕ್ ಆ್ಯಪ್‌ನಲ್ಲಿ ನೋಡಿದರೆ ಪಕ್ಕದವರ ಬದು 2 ಗುಂಟೆಯಷ್ಟು ಒಳಗೆ ಬಂದಂತೆ ಕಾಣುತ್ತದೆ, ಖಾಸಗಿಯವರಿಂದ ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಎಲೆಕ್ಟ್ರಾನಿಕ್ ಯಂತ್ರ) ಅಳತೆ ಮಾಡಿಸಲೋ, ಹದ್ದುಬಸ್ತಿಗೆ (ಸರ್ಕಾರಿ ಸರ್ವೆಯರ್ ಬಂದು ಗಡಿ ಗುರುತಿಸುವುದು) ಅರ್ಜಿ ಹಾಕಲೋ, ಯಾವುದು ಕರಾರುವಾಕ್ಕು ಅಂತ ಕೇಳಿದ್ದೀರಿ. ಬೇಜಾರಾಗಬೇಡಿ, ಈ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಂತ್ರ ಎಷ್ಟೇ ಒಳ್ಳೆಯದಿರಲಿ, ನೀವು ಎಲ್ಲಿ ಕೋಲು ಹಿಡಿಯುತ್ತೀರೋ ಆ ಜಾಗವನ್ನು ಅಳೆಯುತ್ತದೆ, ಅಷ್ಟೇ. ಗಡಿ ಎಲ್ಲಿ ಅಂತ ಹೇಳುವುದು ಟಿಪ್ಪಣಿ, ಅಂದರೆ ಮೂಲ ಸರ್ವೆಯ ಅಳತೆ ಬರೆದಿಟ್ಟ ಕೈನಕ್ಷೆ, ಮತ್ತು ಬಾಂದು ಕಲ್ಲು, ಅಂದರೆ ಗಡಿಗೆ ನೆಟ್ಟ ಕಲ್ಲು.

ಮೊದಲು ದಿಶಾಂಕ್ ವಿಷಯ ಮುಗಿಸಿಬಿಡೋಣ. ಅದು ಹಳೆಯ ಗ್ರಾಮ ನಕಾಶೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ ತೋರಿಸುತ್ತದೆ. ಆ ನಕಾಶೆಗಳ ಅಳತೆ ಸಾಮಾನ್ಯವಾಗಿ 1:7920. ಅಂದರೆ ಕಾಗದದ ಒಂದು ಮಿಲಿಮೀಟರ್ ನೆಲದ ಮೇಲೆ 7.92 ಮೀಟರ್. ನಿಮ್ಮ 4 ಎಕರೆ ಚೌಕವಾಗಿದೆ ಅಂದುಕೊಳ್ಳಿ, ಒಂದು ಬದಿ ಸುಮಾರು 127 ಮೀಟರ್. ಆ ಬದಿಯುದ್ದಕ್ಕೂ 2 ಗುಂಟೆ ಹೋಗಿದೆ ಅಂದರೆ ಹೋದ ಪಟ್ಟಿಯ ಅಗಲ 1.6 ಮೀಟರ್. ಕಾಗದದ ಮೇಲೆ ಅದು 0.2 ಮಿಲಿಮೀಟರ್. ಕಣ್ಣಿಗೆ ಕಾಣುವಂತೆ ಎಳೆದ ಗೆರೆಯ ದಪ್ಪವೇ ಅಷ್ಟಿರುತ್ತದೆ! ಇದರ ಮೇಲೆ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ. ನಿಂತ ಜಾಗ ಯಾವ ಸರ್ವೆ ನಂಬರ್ ಅಂತ ತಿಳಿಯಲು ದಿಶಾಂಕ್ ಬಹಳ ಒಳ್ಳೆಯದು. ಒತ್ತುವರಿ ಹೇಳಲು ಅದನ್ನು ಮಾಡಿಲ್ಲ.

ಈಗ ಜನರ ದುಡ್ಡು, ವರ್ಷ, ಸಂಬಂಧ ಮೂರನ್ನೂ ಹಾಳುಮಾಡುವ ತಪ್ಪಿಗೆ ಬರುತ್ತೇನೆ. ಸುತ್ತ ಬದುವಿನ ಮೇಲೆ ನಡೆದು ಅಳೆಯುವುದು, ವಿಸ್ತೀರ್ಣ ಹಾಕುವುದು, ಪಹಣಿಗಿಂತ ಕಡಿಮೆ ಬಂದರೆ ಆ ಕಡಿಮೆಯನ್ನು ಪಕ್ಕದವರ ತಲೆಗೆ ಕಟ್ಟುವುದು. ಒಂದು ಹೊಲವನ್ನು ಮಾಲೀಕರು ಇಬ್ಬರು ಖಾಸಗಿ ಸರ್ವೆಯರ್‌ಗಳಿಂದ ಬೇರೆ ಬೇರೆಯಾಗಿ ಅಳೆಸಿದ್ದರು. ಎರಡೂ ಅಳತೆ ಚೆನ್ನಾಗಿ ತಾಳೆಯಾದವು. ಆಗದೆ ಏನು, ಇಬ್ಬರೂ ಪ್ರಿಸಂ ಕೋಲು (ಟೋಟಲ್ ಸ್ಟೇಷನ್ ಗುರಿಯಿಡುವ ಕೋಲು) ಹಿಡಿದದ್ದು ಅದೇ ಬದುವಿನ ಮೇಲೆ. ಎರಡೂ ಅಳತೆ ಒಂದೇ ಬಂತಲ್ಲ ಅನ್ನುವ ಧೈರ್ಯದಲ್ಲಿ ಪೂರ್ವದ ಕಡೆಯವರ ಮೇಲೆ ಕೇಸು ಹಾಕಿದರು. ಕೊನೆಗೆ ಟಿಪ್ಪಣಿ ಹಿಡಿದು ಕಲ್ಲು ಹುಡುಕಿದಾಗ ಪೂರ್ವದ ಬದು ಇರಬೇಕಾದ ಕಡೆಯೇ ಇತ್ತು. ಸರಿದಿದ್ದದ್ದು ಪಶ್ಚಿಮದ ಬದು, ಆ ಹೊಲ ಅವರ ಸ್ವಂತ ಅಣ್ಣನದು. ವಿಸ್ತೀರ್ಣ ಎಷ್ಟು ಕಡಿಮೆ ಅಂತ ಹೇಳಬಹುದು, ಯಾವ ದಿಕ್ಕಿನಲ್ಲಿ ಕಡಿಮೆ ಅಂತ ಅದು ಎಂದೂ ಹೇಳುವುದಿಲ್ಲ. ಬದುವಂತೂ ನಂಬುವ ವಸ್ತುವೇ ಅಲ್ಲ. ಪ್ರತಿ ಉಳುಮೆಗೂ ನೇಗಿಲು ಒಂದು ಮಗ್ಗುಲನ್ನು ಕೆರೆಯುತ್ತದೆ, ಹತ್ತಿಪ್ಪತ್ತು ವರ್ಷದಲ್ಲಿ ಬದು ತಾನಾಗಿ ಸರಿದಿರುತ್ತದೆ, ಯಾರೂ ಕೀಳದಿದ್ದರೆ ಕಲ್ಲು ಮಾತ್ರ ಮಣ್ಣಿನಡಿ ಅಲ್ಲೇ ಇರುತ್ತದೆ.

ಯಾಕೆ ಹೀಗೆ ಅಂತ ಅರ್ಥವಾಗಬೇಕಾದರೆ ದಾಖಲೆ ಹುಟ್ಟಿದ ರೀತಿ ನೋಡಬೇಕು. ಬ್ರಿಟಿಷ್ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1830ರ ದಶಕದಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಶುರುಮಾಡಿದ ಬಾಂಬೆ ಪದ್ಧತಿಯ ಸರ್ವೆ 1863ರಲ್ಲಿ ಮೈಸೂರು ಸೀಮೆಗೆ ಬಂತು. ವಿಸ್ತೀರ್ಣ ಬೇಕಾಗಿದ್ದದ್ದು ಕಂದಾಯ ಎಷ್ಟು ಅಂತ ಗೊತ್ತುಮಾಡಲು. ಗಡಿಗೆಂದೇ ಕಲ್ಲು ನೆಟ್ಟರು, ಕಲ್ಲಿನಿಂದ ಕಲ್ಲಿಗೆ ಸರಪಳಿ ಎಳೆದರು, ನಡುವೆ ಬೇಸ್ ಲೈನ್ (ಆಧಾರದ ನೇರ ಗೆರೆ) ಹಾಕಿ ಕ್ರಾಸ್ ಸ್ಟಾಫ್‌ನಿಂದ (ಲಂಬಕೋನ ತೋರಿಸುವ ಸಾಧನ) ಲಂಬ ಹಿಡಿದು ಮೂಲೆ ತಿರುವುಗಳಿಗೆ ಆಫ್‌ಸೆಟ್, ಅಂದರೆ ಆ ಗೆರೆಯಿಂದ ಅಡ್ಡ ದೂರ, ಅಳೆದರು. ಆ ಅಂಕಿಗಳನ್ನು ಬರೆದಿಟ್ಟ ಕೈನಕ್ಷೆಯೇ ಟಿಪ್ಪಣಿ. ಅದು ಸ್ಕೇಲಿಗೆ ಬರೆದ ಚಿತ್ರವಲ್ಲ, ಆದ್ದರಿಂದ ಚಿತ್ರದ ಮೇಲೆ ಪಟ್ಟಿ ಇಟ್ಟು ಅಳೆಯಬಾರದು. ಅಂಕಿ ಮಾತ್ರ ಓದಬೇಕು.

ಆ ಅಂಕಿ ಓದುವಲ್ಲಿಯೇ ಅರ್ಧ ಜಗಳ ಹುಟ್ಟುತ್ತದೆ. ನಮ್ಮ ಕಡೆಯ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಆಣೆ ಎರಡು ಅಡಿಗಿಂತ ಚೂರು ಹೆಚ್ಚು. 33ಕ್ಕೆ 33 ಅಡಿ, ಅಂದರೆ 1089 ಚದರಡಿ ಒಂದು ಗುಂಟೆ, 40 ಗುಂಟೆಗೆ ಎಕರೆ. ಟಿಪ್ಪಣಿಯಲ್ಲಿ 5 ಸರಪಳಿ 8 ಆಣೆ ಅಂತ ಇದ್ದರೆ ಅದು ಐದೂವರೆ ಸರಪಳಿ, 181.5 ಅಡಿ. ಆಣೆಯ ಲೆಕ್ಕ ಗೊತ್ತಿಲ್ಲದವರು 5.8 ಅಂತ ಕಂಪ್ಯೂಟರಿಗೆ ಹಾಕುತ್ತಾರೆ, 191.4 ಅಡಿ ಆಗುತ್ತದೆ. ಒಂದೇ ಗೆರೆಯಲ್ಲಿ ಸುಮಾರು 10 ಅಡಿ ಪಕ್ಕದ ಹೊಲಕ್ಕೆ ನುಗ್ಗಿದಂತಾಯಿತು. ಇನ್ನೊಂದು, ಸರಪಳಿಯನ್ನು 10 ಮೀಟರ್ ಅಂತ ಹಿಡಿಯುವುದು. ಸರಿಯಾದದ್ದು 10.0584 ಮೀಟರ್. 20 ಸರಪಳಿ ಉದ್ದದಲ್ಲಿ 1.17 ಮೀಟರ್ ಕಡಿಮೆಯಾಗುತ್ತದೆ. 4 ಎಕರೆಯಲ್ಲಿ ಈ ಒಂದೇ ಕಾರಣಕ್ಕೆ 1 ಗುಂಟೆ 14 ಆಣೆಯಷ್ಟು (ವಿಸ್ತೀರ್ಣದ ಆಣೆ ಅಂದರೆ ಗುಂಟೆಯ 16ನೇ ಒಂದು ಪಾಲು) ಮಾಯವಾಗುತ್ತದೆ. ನೀವು ಹುಡುಕುತ್ತಿರುವ 2 ಗುಂಟೆಗೆ ಎಷ್ಟು ಹತ್ತಿರ ನೋಡಿ. ದಕ್ಷಿಣ ಕನ್ನಡದವರು ಇದನ್ನು ಓದುತ್ತಿದ್ದರೆ ಗುಂಟೆಯ ಲೆಕ್ಕ ನಿಮಗಲ್ಲ, ನಿಮ್ಮದು ಮದ್ರಾಸ್ ಪದ್ಧತಿಯ ಸೆಂಟ್ಸ್.

ಖರಾಬನ್ನೂ ಮರೆಯಬೇಡಿ. ಪಹಣಿಯ 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಅ ಖರಾಬು, ಬ ಖರಾಬು, ಉಳಿದದ್ದು ಅಂತ ಬೇರೆ ಬೇರೆ ಇರುತ್ತದೆ. ಅ ಖರಾಬು ಸಾಗುವಳಿಗೆ ಬಾರದ ಜಾಗ, ಆದರೆ ನಿಮ್ಮದೇ. ಬ ಖರಾಬು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ, ನಿಮ್ಮದಲ್ಲ. ಹೊಲದ ಅಂಚಿನಲ್ಲಿ ಬಂಡಿದಾರಿ ಇದ್ದರೆ ಕೊರತೆ ಅಲ್ಲೇ ಇರಬಹುದು. ಪಹಣಿಯ ಅಂಕಿಯನ್ನು ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಟ್ಟ ಸರ್ವೆ ದಾಖಲೆ) ಜೊತೆ ಹೋಲಿಸಿ. ಎರಡೂ ಬೇರೆ ಇದ್ದರೆ ಅದು ಕಾಗದದ ತೊಂದರೆ, ಬೇಲಿ ಕಿತ್ತರೆ ಸರಿಹೋಗುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು: ಮೊದಲು ಮೂಲ ಟಿಪ್ಪಣಿ, ಪೋಡಿ (ಒಂದು ಸರ್ವೆ ನಂಬರನ್ನು ಅಳೆದು ಪಾಲುಗಳಾಗಿ ಬೇರೆ ಮಾಡುವುದು) ಆಗಿದ್ದರೆ ಆ ಪಾಲಿನ ಹಿಸ್ಸಾ ಟಿಪ್ಪಣಿ, ಆಕಾರಬಂದ್, ಗ್ರಾಮ ನಕಾಶೆಯ ನಕಲು ತಾಲೂಕು ಸರ್ವೆ ಕಚೇರಿಯಿಂದ ತೆಗೆಸಿ. ನಿಮ್ಮ ನಂಬರಿನದು ಸಾಲದು, ಸುತ್ತಲಿನ ನಂಬರುಗಳ ಟಿಪ್ಪಣಿಯೂ ಬೇಕು. ಇಬ್ಬರಿಗೂ ಸೇರಿದ ಗೆರೆ ಎರಡು ಟಿಪ್ಪಣಿಯಲ್ಲೂ ಬಂದಿರುತ್ತದೆ, ಉದ್ದ ತಾಳೆಯಾಗಬೇಕು. ಆಮೇಲೆ ಹದ್ದುಬಸ್ತಿಗೆ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗಿ, ಅವರ ಎದುರಿಗೆ ನಡೆದ ಅಳತೆಗೆ ಇರುವ ಬೆಲೆ ಖಾಸಗಿ ನಕ್ಷೆಗೆ ಇಲ್ಲ. ಖಾಸಗಿ ಟೋಟಲ್ ಸ್ಟೇಷನ್ ಬೇಡ ಅನ್ನುವುದಿಲ್ಲ, ಟಿಪ್ಪಣಿ ಓದಬಲ್ಲವರಾದರೆ ಕಲ್ಲು ಹುಡುಕಲು ಅದು ತುಂಬ ಅನುಕೂಲ.

ಅಳತೆಯ ದಿನ ಗಮನಿಸಬೇಕಾದದ್ದು, ಸರ್ವೆಯರ್ ಎಲ್ಲಿಂದ ಶುರುಮಾಡುತ್ತಾರೆ ಅನ್ನುವುದು. ಒಂದೇ ಕಲ್ಲಿನಿಂದ ಹೊರಟರೆ ಒಪ್ಪಬೇಡಿ. ಆ ಕಲ್ಲನ್ನು ಯಾರೋ ಎತ್ತಿ ನೆಟ್ಟಿರಬಹುದು. ಕಡಿಮೆಯೆಂದರೆ ಮೂರು ಕಲ್ಲು ಸಿಗಬೇಕು, ಅವುಗಳ ನಡುವಿನ ದೂರ ಟಿಪ್ಪಣಿಗೆ ಹೊಂದಬೇಕು. ನಿಮ್ಮ ಹೊಲದಲ್ಲಿ ಸಿಗದಿದ್ದರೆ ಎರಡು ಮೂರು ನಂಬರ್ ಆಚೆ ಹೋಗಿಯಾದರೂ ಹುಡುಕಬೇಕು. ಮೂರು ಊರಿನ ಗಡಿ ಸೇರುವ ಕಲ್ಲು ಸಾಮಾನ್ಯವಾಗಿ ಉಳಿದಿರುತ್ತದೆ. ಲೆಕ್ಕದ ಪ್ರಕಾರ ಕಲ್ಲು ಬರಬೇಕಾದ ಜಾಗದಲ್ಲಿ ಕಾಣದಿದ್ದರೆ ಸುತ್ತ ಅಗೆಸಿ, ಸರಿದ ಬದುವಿನ ಮಣ್ಣಿನಡಿ ಎಷ್ಟೋ ಸಲ ಸಿಗುತ್ತದೆ. ಕಲ್ಲಿನಿಂದ ಕಲ್ಲಿಗೆ ಇಂದಿನ ಅಳತೆ ಟಿಪ್ಪಣಿಗಿಂತ ಚೂರು ಹೆಚ್ಚು ಬಂದರೆ ಗಾಬರಿ ಬೇಡ. ಸವೆದ ಸರಪಳಿ ಒಂದು ಅಂಗುಲ ಹಿಗ್ಗಿದ್ದರೂ 4 ಎಕರೆಯಲ್ಲಿ ಮುಕ್ಕಾಲು ಗುಂಟೆಯ ವ್ಯತ್ಯಾಸ. ಅದನ್ನು ಗೆರೆಯುದ್ದಕ್ಕೂ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕು, ಕೊನೆಯ ಹೊಲದವರ ಮೇಲೆ ಹೇರಬಾರದು.

ಅರ್ಜಿ ಹಾಕುವ ಮೊದಲು ಪಹಣಿಯ 9ನೇ ಕಾಲಂ ನೋಡಿ. ಒಂದಕ್ಕಿಂತ ಹೆಚ್ಚು ಹೆಸರು ತಮ್ಮ ತಮ್ಮ ವಿಸ್ತೀರ್ಣದ ಜೊತೆ ಇದ್ದು, ಪೋಡಿ ಆಗಿಲ್ಲದಿದ್ದರೆ ನಿಮ್ಮ ಪಾಲಿನ ಗೆರೆ ಯಾವ ಟಿಪ್ಪಣಿಯಲ್ಲೂ ಇರುವುದಿಲ್ಲ. ಆಗ ಹದ್ದುಬಸ್ತು ಮಾಡಲು ಆಧಾರವೇ ಇಲ್ಲ, ಮೊದಲು ಪೋಡಿಗೆ ಅರ್ಜಿ ಹಾಕಿ.