ಎ14 ಹೋಗಿ ಎ1198 ಆದ ರಸ್ತೆ

ಪ್ರಶ್ನೆ: ಇಂಗ್ಲೆಂಡಿನ ಹಳೇ ರೋಡ್ ಮ್ಯಾಪ್ ಒಂದ್ರಲ್ಲಿ ರಾಯ್‌ಸ್ಟನ್‌ನಿಂದ ಹಂಟಿಂಗ್ಡನ್ ಕಡೆ ಹೋಗೋ ರಸ್ತೆಗೆ ಎ14 ಅಂತಿದೆ. ಈಗಿನ ಮ್ಯಾಪಲ್ಲಿ ಅದು ಎ1198, ಎ14 ಬೇರೆ ಕಡೆ ಇದೆ. ಯಾವುದು ತಪ್ಪು ಸಾರ್?

ಉತ್ತರ: ಎರಡೂ ಸರಿನೇ. ನಂಬರ್ ಬದಲಾಯ್ತು, ರಸ್ತೆ ಮಾತ್ರ ರೋಮನ್ನರ ಕಾಲದಿಂದ ಹೆಚ್ಚುಕಮ್ಮಿ ಅಲ್ಲೇ ಇದೆ. ಲಂಡನ್‌ನಿಂದ ಲಿಂಕನ್, ಯಾರ್ಕ್‌ಗೆ ಅವರು ಹಾಕಿದ ಎರ್ಮಿನ್ ಸ್ಟ್ರೀಟ್‌ನ ಒಂದು ತುಂಡು ಇದು, ರಾಯ್‌ಸ್ಟನ್‌ನಿಂದ ಹಂಟಿಂಗ್ಡನ್ ಪಕ್ಕದ ಗಾಡ್‌ಮನ್‌ಚೆಸ್ಟರ್‌ವರೆಗೆ ಸುಮಾರು 32 ಕಿಲೋಮೀಟರ್, ಹೊಲಗಳ ಮಧ್ಯೆ ದಾರ ಹಿಡಿದು ಗೆರೆ ಎಳೆದ ಹಾಗೆ ಹೋಗುತ್ತೆ.

ನಂಗೆ ಈ ರಸ್ತೆ ಮೇಲೆ ಅಷ್ಟು ಪ್ರೀತಿ ಯಾಕಂದ್ರೆ ಇಂಗ್ಲೆಂಡಿನ ಮೊಟ್ಟಮೊದಲ ಟೋಲ್ ಕಾಯ್ದೆ, 1663ರದ್ದು, ಬಂದಿದ್ದೇ ಈ ದಾರಿಗೆ. ವೇರ್ ಪಟ್ಟಣಕ್ಕೆ ಬಾರ್ಲಿ, ಮಾಲ್ಟ್ ತುಂಬ್ಕೊಂಡು ಹೋಗೋ ಭಾರದ ಗಾಡಿಗಳ ಚಕ್ರಕ್ಕೆ ಸಿಕ್ಕಿ ದಾರಿಯೆಲ್ಲ ಹಾಳಾಗಿ, ಅಕ್ಕಪಕ್ಕದ ಊರಿನವರ ಕೈಲಿ ರಿಪೇರಿ ಆಗದೆ ಹೋದಾಗ, ಓಡಾಡೋರ ಹತ್ರನೇ ದುಡ್ಡು ಇಸ್ಕೊಳ್ಳೋದಕ್ಕೆ ಪಾರ್ಲಿಮೆಂಟ್ ಒಪ್ಕೊಂಡಿತು. ಮೂರು ಕೌಂಟಿಗೆ ಮೂರು ಗೇಟು ಅಂತ ಗೊತ್ತು ಮಾಡಿದ್ರು, ಅದರಲ್ಲೊಂದು ನಿಮ್ಮ ರಸ್ತೆಲಿರೋ ಕ್ಯಾಕ್ಸ್‌ಟನ್‌ಗೆ.

ಇನ್ನು ನಂಬರ್ ವಿಷಯ. 1920ರ ದಶಕದ ಶುರುವಲ್ಲಿ ಸಾರಿಗೆ ಇಲಾಖೆ ರಸ್ತೆಗಳಿಗೆ ನಂಬರ್ ಕೊಟ್ಟಾಗ ಲಂಡನ್‌ನಿಂದ ಹೊರಡೋ ಎ1ರಿಂದ ಎ6ರವರೆಗಿನ ರಸ್ತೆಗಳನ್ನೇ ಗಡಿ ಮಾಡ್ಕೊಂಡು ವಲಯ ಹಂಚಿದ್ರು. ಎ1ರ ಪೂರ್ವಕ್ಕೆ ಒಂದನೇ ವಲಯ, ಅದಕ್ಕೇ 14 ಇರ್ಲಿ 1198 ಇರ್ಲಿ ಮೊದಲ ಅಂಕಿ 1. ಸಾಮಾನ್ಯವಾಗಿ ಅಂಕಿ ಕಮ್ಮಿ ಇದ್ದಷ್ಟೂ ರಸ್ತೆ ದೊಡ್ಡದು. ಆಗ ಇದು ಹಂಟಿಂಗ್ಡನ್ ದಾಟಿ ಅಲ್ಕನ್‌ಬರಿ ಹತ್ರ ಎ1 ಸೇರ್ತಿತ್ತು, ಉತ್ತರಕ್ಕೆ ಹೋಗೋರಿಗೆ ಮುಖ್ಯ ದಾರಿ, ಎರಡೇ ಅಂಕಿ ಸಿಕ್ತು.

1990ರ ದಶಕದಲ್ಲಿ ಫೆಲಿಕ್ಸ್‌ಟೋ ಬಂದರಿಂದ ಪಶ್ಚಿಮಕ್ಕೆ ಹೋಗೋ ಕಂಟೇನರ್ ಲಾರಿಗಳಿಗೆ ಒಂದೇ ನಂಬರಿನ ದಾರಿ ಬೇಕಾಯ್ತು. ಅಲ್ಲಿವರೆಗೂ ಅವರು ಒಂದಷ್ಟು ದೂರ ಎ45, ಇನ್ನೊಂದಷ್ಟು ದೂರ ಎ604 ಅಂತ ಬೋರ್ಡ್ ನೋಡ್ಕೊಂಡು ಹೋಗ್ಬೇಕಿತ್ತು. ಲಂಡನ್‌ನಿಂದ ಉತ್ತರಕ್ಕೆ ಹೋಗೋ ಎಂ1 ಮೋಟರ್‌ವೇವರೆಗೆ ಹೊಸ ಲಿಂಕ್ ರಸ್ತೆ ಸೇರಿಸಿ ಪೂರ್ತಿ ದಾರಿಗೆ ಎ14 ಅಂತ ಇಟ್ರು, ಹಳೇ ರಸ್ತೆಗೆ ನಾಲ್ಕಂಕಿ ಬಂತು. ನಂಗೆ ಬೇಜಾರಿದೆ, ಆದ್ರೂ ಲಾರಿ ಡ್ರೈವರ್‌ಗಳ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಆ ಹೊಸ ಎ14ಗೂ ಇದೇ ಆಯ್ತು ನೋಡಿ, 2019-20ರಲ್ಲಿ ಹಂಟಿಂಗ್ಡನ್ ದಕ್ಷಿಣಕ್ಕೆ ಬೇರೆ ಹೆದ್ದಾರಿ ತೆರೆದಾಗ ಅಲ್ಲಿನ ಹಳೇ ಭಾಗ ಎ1307 ಆಯ್ತು.

ಮ್ಯಾಪಲ್ಲಿ ಪ್ಯಾಪ್‌ವರ್ತ್ ಎವರಾರ್ಡ್ ಹುಡುಕಿ. ಅಲ್ಲಿ 2007ರಲ್ಲಿ ಬೈಪಾಸ್ ಆಗಿ ಎ1198 ಅನ್ನೋ ನಂಬರೂ ಊರಾಚೆ ಹೋಯ್ತು. ಊರೊಳಗಿನ ನೇರ ಬೀದಿ ಹೆಸರು ಈಗ್ಲೂ ಎರ್ಮಿನ್ ಸ್ಟ್ರೀಟೇ.