ಅಳಿಸಿಲ್ಲ ಸರಿ, ಉಳಿಸಿದ್ದೀರಾ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ಹತ್ತು ವರ್ಷಗಳಿಂದ ಇ-ಮೇಲ್‌ನಲ್ಲಿ ನನಗೆ ಬರುತ್ತಿರುವ ನಾಲ್ಕು ಸುದ್ದಿಪತ್ರಗಳ ಒಂದು ಸಂಚಿಕೆಯನ್ನೂ ನಾನು ಅಳಿಸಿಲ್ಲ. ‘ಎಲ್ಲವೂ ಅಂತರ್ಜಾಲದಲ್ಲಿ ಇದ್ದೇ ಇರುತ್ತದೆ, ಈ ಕಸವನ್ನೇಕೆ ಗುಡ್ಡೆ ಹಾಕುತ್ತೀರಿ’ ಎಂದು ಮಗಳು ಗದರುತ್ತಾಳೆ. ಏನು ಮಾಡಲಿ?

ಸಂಪಾದಕರ ಉತ್ತರ: ಮಗಳ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ರಿಯಾಯಿತಿ ಮಾರಾಟದ ಮೇಲ್‌ಗಳೂ ಆ ಗುಡ್ಡೆಯಲ್ಲಿದ್ದರೆ ಇಂದೇ ಅಳಿಸಿ. ಅವರಿಗೆ ನಾನು ಬಿಟ್ಟುಕೊಡುವುದು ಇಷ್ಟೇ.

‘ಇದ್ದೇ ಇರುತ್ತದೆ’ ಎಂಬ ಮಾತು ಕೇಳಿದರೆ ಮಾತ್ರ ನನಗೆ ಮೈ ಉರಿಯುತ್ತದೆ. ಜನ ವರ್ಷಗಟ್ಟಲೆ ಕೂತು ಕಟ್ಟಿದ ಪುಟಗಳಿದ್ದ ಜಿಯೋಸಿಟೀಸ್ ಜಾಲತಾಣವನ್ನು ಯಾಹೂ 2009ರಲ್ಲಿ ಮುಚ್ಚಿತು. ಸುದ್ದಿಪತ್ರಗಳ ಮಾತಿಗೇ ಬಂದರೆ, ಅವನ್ನು ಬರೆದು ಕಳಿಸಲು ಇದ್ದ, ತಾನೇ ಕೊಂಡಿದ್ದ ರೆವ್ಯೂ ಸೇವೆಯನ್ನು ಟ್ವಿಟರ್ 2023ರ ಜನವರಿಯಲ್ಲಿ ನಿಲ್ಲಿಸಿತು. ಮರುವರ್ಷ ಫೆಬ್ರವರಿ ಕೊನೆಗೆ ಅಂಥದೇ ಇನ್ನೊಂದು ಸೇವೆ ಟೈನಿಲೆಟರ್ ಕೂಡ ಬಾಗಿಲು ಹಾಕಿತು. 1996ರಿಂದ ಪುಟಗಳನ್ನು ಕೂಡಿಡುತ್ತ ಬಂದಿರುವ ಇಂಟರ್ನೆಟ್ ಆರ್ಕೈವ್ ಇದೆಯಲ್ಲ ಎನ್ನಬಹುದು. ಅದರ ಬಲೆಗೆ ಬೀಳುವುದು ಸಾರ್ವಜನಿಕ ವಿಳಾಸವಿರುವ ಪುಟ. ಚಂದಾದಾರರ ಇನ್‌ಬಾಕ್ಸಿಗೆ ಮಾತ್ರ ಹೋದ ಸಂಚಿಕೆಗೆ ಗ್ರಂಥಾಲಯವೂ ನೀವೇ, ಗ್ರಂಥಪಾಲಕರೂ ನೀವೇ.

ಆದರೆ ಬೀಗಬೇಡಿ. ‘ಅಳಿಸಿಲ್ಲ’ ಎಂದು ಬರೆದಿದ್ದೀರಿ, ‘ಉಳಿಸಿದ್ದೇನೆ’ ಎಂದು ಬರೆದಿಲ್ಲ. ಮೊನ್ನೆ ನಾನು ಎಂಟು ವರ್ಷ ಹಿಂದಿನ ಸಂಚಿಕೆಯೊಂದನ್ನು ತೆರೆದೆ. ಅಕ್ಷರವೆಲ್ಲ ಇತ್ತು. ‘ಕೆಳಗಿನ ನಕ್ಷೆ ನೋಡಿ’ ಎಂದಿದ್ದ ಜಾಗದ ಕೆಳಗೆ ಬೂದು ಗೆರೆಯ ಖಾಲಿ ಚೌಕ. ನಕ್ಷೆ ಮೇಲ್‌ನೊಳಗೆ ಎಂದೂ ಬಂದೇ ಇರಲಿಲ್ಲ. ತೆರೆದಾಗಲೆಲ್ಲ ಕಳಿಸಿದವರ ಸರ್ವರ್‌ನಿಂದ ಇಳಿಯುತ್ತಿತ್ತು. ಕೊಂಡಿಗಳದ್ದು ಇನ್ನೂ ವಿಚಿತ್ರ. ಯಾರು ಒತ್ತಿದರೆಂದು ಎಣಿಸುವ ಚಪಲಕ್ಕೆ ಆ ಸುದ್ದಿಪತ್ರವನ್ನು ರವಾನಿಸುತ್ತಿದ್ದ ಕಂಪನಿ ಪ್ರತಿಯೊಂದನ್ನೂ ತನ್ನ ವಿಳಾಸದ ಮೂಲಕ ಹಾಯಿಸಿತ್ತು. ಕಂಪನಿ ಹೋಯಿತು, ಕೊಂಡಿಗಳೂ ಹೋದವು. ಅವು ತೋರಿಸುತ್ತಿದ್ದ ಲೇಖನವೊಂದು ಇಂದಿಗೂ ತನ್ನ ಪಾಡಿಗೆ ಇದೆ. ಶೀರ್ಷಿಕೆ ಹಿಡಿದು ಹುಡುಕಿದ ಮೇಲೆ ಸಿಕ್ಕಿತು.

ಆದ್ದರಿಂದ ಸಂಚಿಕೆ ಬಂದ ವಾರದಲ್ಲೇ, ಚಿತ್ರಗಳು ಜೀವಂತವಿರುವಾಗ, ಅದನ್ನು ಪಿಡಿಎಫ್ ಮಾಡಿ. ಮೂಲ ಮೇಲನ್ನು ಇಎಂಎಲ್ (ಮೇಲನ್ನು ಬಂದ ಹಾಗೆಯೇ ಇಡುವ) ಕಡತವಾಗಿಯೂ ಇಳಿಸಿಕೊಳ್ಳಿ; ಯಾರು, ಯಾವಾಗ ಕಳಿಸಿದರೆಂಬ ವಿವರ ಅದರಲ್ಲಿ ಉಳಿಯುತ್ತದೆ. ಕಡತದ ಹೆಸರು ವರ್ಷದಿಂದ ಶುರುವಾಗಲಿ. ಇನ್ನೊಂದು ಪ್ರತಿ ಬೇರೆ ಯಂತ್ರದಲ್ಲಿರಲಿ, ಮಗಳ ಲ್ಯಾಪ್‌ಟಾಪಿನಲ್ಲೇ ಇರಲಿ.

ಇಷ್ಟೆಲ್ಲ ಹೇಳಲು ನನಗೆ ಬಾಯಿದೆಯೇ? ನಮ್ಮ ಪತ್ರಿಕೆಯ ವಾರದ ಸುದ್ದಿಪತ್ರವನ್ನು ಒಂದು ಸೇವೆಯಿಂದ ಇನ್ನೊಂದಕ್ಕೆ ಸಾಗಿಸಿದಾಗ ಚಂದಾದಾರರ ವಿಳಾಸಗಳೆಲ್ಲ ಒಂದೇ ಗುಂಡಿ ಒತ್ತಿದ್ದಕ್ಕೆ ಕೈಗೆ ಬಂದವು. ಸಂಚಿಕೆಗಳಿಗೆ ಅಂಥ ಗುಂಡಿಯೇ ಇರಲಿಲ್ಲ. ವಿಳಾಸ ಆಸ್ತಿ, ಬರಹ ಕಸ: ಈ ವ್ಯಾಪಾರದ ಲೆಕ್ಕವೇ ಹೀಗೆ. ಮುದ್ರಿತ ಸಂಪುಟಗಳನ್ನು ವರ್ಷವರ್ಷವೂ ಬೈಂಡ್ ಮಾಡಿಸುವ ನಮ್ಮ ಕಚೇರಿಯೂ ಅಂದು ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲ ವರ್ಷದ ಹನ್ನೊಂದು ಸಂಚಿಕೆಗಳು ನಮ್ಮಲ್ಲಿ ಇಲ್ಲ. ನಿಮ್ಮ ನಾಲ್ಕರಲ್ಲಿ ನಮ್ಮದೂ ಒಂದಾಗಿದ್ದರೆ, ದಯವಿಟ್ಟು ಹುಡುಕಿ ಕಳಿಸಿಕೊಡಿ.