ಹೆರಾಲ್ಡ್ ಮುಂದಿನ ಚಕ್ರಕ್ಕೆ ಗ್ರೀಸೋ, ಗೇರ್ ಆಯಿಲ್ಲೋ?

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಈಗ ನನ್ನ ಬಳಿ ಇದೆ. ಸ್ಟೀರಿಂಗ್ ತುಂಬಾ ಬಿಗಿ. ತಿರುವು ದಾಟಿದ ಮೇಲೂ ತಾನಾಗಿ ನೇರಕ್ಕೆ ಬರುವುದಿಲ್ಲ. ಮುಂದಿನ ಜಾಯಿಂಟ್‌ಗಳಿಗೆಲ್ಲ ಗ್ರೀಸ್ ಹೊಡೆದರೆ ಸಾಕು ಅಂತಾರೆ ಮೆಕ್ಯಾನಿಕ್. ಸರಿಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಟೈರಿನ ಗಾಳಿ ನೋಡಿ. ಅದು ಸರಿಯಿದ್ದರೆ ಅನುಮಾನ ಕೆಳಗಿನ ಟ್ರನಿಯನ್ ಮೇಲೆ, ಅಂದರೆ ಚಕ್ರ ಹೊತ್ತ ಕಂಬದ ಕೆಳತುದಿ ಕೂತು ತಿರುಗುವ ಜಾಯಿಂಟ್ ಮೇಲೆ. ದಯವಿಟ್ಟು ಅದಕ್ಕೆ ಮಾತ್ರ ಗ್ರೀಸ್ ಹೊಡೆಸಬೇಡಿ.

ಮದ್ರಾಸಿನಲ್ಲಿ ತಯಾರಾದ ಈ ಕಾರು ಮೂಲದಲ್ಲಿ 1959ರ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್. ಮುಂದಿನ ಚಕ್ರ ಹೊತ್ತ ಉಕ್ಕಿನ ಕಂಬಕ್ಕೆ ಮೇಲೆ ಬಾಲ್ ಜಾಯಿಂಟ್ ಇದೆ. ಕಂಬದ ಕೆಳತುದಿಯಲ್ಲಿ ಸ್ಕ್ರೂವಿನಂತೆ ಮರೆ (ಥ್ರೆಡ್) ಕೊರೆದಿದ್ದು, ಅದು ಹಿತ್ತಾಳೆ ಬಣ್ಣದ ಟ್ರನಿಯನ್ ಒಳಗೆ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಮರೆ ಒಳಗೇ ತಿರುಗುತ್ತದೆ. ಗಟ್ಟಿ ಗ್ರೀಸ್ ಆ ಸಂದುಗಳಿಗೆಲ್ಲ ಇಳಿಯುವುದಿಲ್ಲ, ಕಾಲಕ್ರಮೇಣ ಒಣಗಿ ದಾರಿಯನ್ನೇ ಮುಚ್ಚುತ್ತದೆ. ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ. ಒಂದು ದಿನ ಕಂಬ ಮರೆಯ ಹತ್ತಿರ ಮುರಿದು, ಚಕ್ರ ಮಡಚಿಕೊಳ್ಳುತ್ತದೆ. ಅದಕ್ಕೇ ಕಂಪನಿಯ ಕೈಪಿಡಿ ಇಲ್ಲಿಗೆ ಹೇಳಿದ್ದು 90 ನಂಬರಿನ ಹೈಪಾಯಿಡ್ ಗೇರ್ ಆಯಿಲ್.

ಗೇರ್ ಆಯಿಲ್‌ಗೆಂದೇ ಒಂದು ಗ್ರೀಸ್ ಗನ್ ಬೇರೆ ಇಡಿ. ಕಾರನ್ನು ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಬೇಡಿ. ಟ್ರನಿಯನ್‌ನಲ್ಲಿ ನಿಪ್ಪಲ್ (ಗನ್ನಿನ ಮೂತಿ ಸಿಕ್ಕಿಸುವ ಸಣ್ಣ ತುದಿ) ಬದಲು ಸಣ್ಣ ಪ್ಲಗ್ ಇದ್ದರೆ ಬಿಚ್ಚಿ ನಿಪ್ಪಲ್ ಹಾಕಿ. ಒಬ್ಬರು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಿರಲಿ, ನೀವು ನಿಧಾನವಾಗಿ ಪಂಪ್ ಮಾಡಿ. ಮೊದಲು ಕಂದು ನೀರು, ಹಳೇ ಗ್ರೀಸ್ ಬರಬಹುದು. ಮೇಲಿನ ಸೀಲ್ ಹತ್ತಿರ ಶುದ್ಧ ಎಣ್ಣೆ ಒಸರುವ ತನಕ ಬಿಡಬೇಡಿ. ಎಷ್ಟು ಒತ್ತಿದರೂ ಒಸರದಿದ್ದರೆ ದಾರಿ ಕಟ್ಟಿದೆ, ಬಿಚ್ಚಲೇಬೇಕು. ಸ್ಟೀರಿಂಗ್ ರ್‍ಯಾಕ್‌ಗೆ ಮಾತ್ರ ಗ್ರೀಸೇ ಸರಿ, ಅದೂ ಸ್ವಲ್ಪ. ಜಾಸ್ತಿಯಾದರೆ ರಬ್ಬರ್ ಬೂಟ್ ಒಡೆಯುತ್ತದೆ.

ಚಕ್ರ ಮೇಲಿರುವಾಗಲೇ ಅದರ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ ಅಲುಗಾಟ) ಕಂಡರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಪ್ಲೇ ನಿಂತರೆ ವ್ಹೀಲ್ ಬೇರಿಂಗ್ ಸಡಿಲ. ನಿಲ್ಲದಿದ್ದರೆ ಟ್ರನಿಯನ್, ಅದರ ಬುಷ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಎಡ-ಬಲ ಹಿಡಿದಾಗ ಮಾತ್ರ ಅಲುಗಿದರೆ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತುದಿ ನೋಡಿ.

ನಿಮ್ಮ ಕಾರಿಗೆ ಇಷ್ಟು ವರ್ಷ ಏನು ಹಾಕಿದ್ದಾರೋ ಗೊತ್ತಿಲ್ಲ ಅಲ್ವಾ? ಹಾಗಾದರೆ ಒಮ್ಮೆ ಎರಡೂ ಬದಿ ಬಿಚ್ಚಿಸಿ, ಮರೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿ. ತುಕ್ಕಿನ ಗುಳಿ ಕಂಡರೆ ಉಜ್ಜಿ ಹಾಕಿಕೊಳ್ಳಬೇಡಿ, ಬದಲಾಯಿಸಿ. ಎಡಬದಿಯ ಮರೆ ಬಲಬದಿಯದಕ್ಕೆ ಉಲ್ಟಾ, ಭಾಗ ತರಿಸುವಾಗ ಯಾವ ಬದಿ ಅಂತ ಹೇಳಿ.